ಎಸೆದವನಿಗೆ ನೋಬಾಲ್

ನಮ್ಮ ಮೈಸೂರಿನ ಯಾವ ಗಂಡಸಿನ ಕೈಗಾದರೂ ಒಂದು ಮಡಿಸಿದ ಕೊಡೆ ಕೊಟ್ಟು, ತುಸು ದೂರ ನಿಂತು ನೋಡಿ. ಯಾರೂ ಗಮನಿಸುತ್ತಿಲ್ಲವೆಂದು ಖಾತ್ರಿಯಾದ ಕೂಡಲೇ ಆತ ಎಡಗಾಲು ಮುಂದಿಟ್ಟು, ಮೊಣಕೈ ಎತ್ತಿ, ಅಗೋಚರವಾದ ಚೆಂಡೊಂದನ್ನು ಬೌಂಡರಿಗೆ ಅಟ್ಟುತ್ತಾನೆ. ಮದುವೆಮನೆಯಲ್ಲಿ ಸೌಟು ಹಿಡಿದ ಅಡುಗೆಭಟ್ಟರು ಅಟ್ಟಿದ್ದನ್ನು ಕಂಡಿದ್ದೇನೆ. ಊದುಬತ್ತಿಯ ಕೊಳವೆ ಹಿಡಿದು ದೇವರ ಮನೆಯಲ್ಲೇ ಸ್ಕ್ವೇರ್ ಕಟ್ ಹೊಡೆದು, ದೇವರಿಗಿಂತ ಮೊದಲು ನಾನೇ ಮಡದಿಯಿಂದ ಮಂಗಳಾರತಿ ಎತ್ತಿಸಿಕೊಂಡದ್ದೂ ಉಂಟು. ಈ ನಿರುಪದ್ರವಿ ಚಪಲದ ಬಗ್ಗೆ ನನಗೆ ತಕರಾರೇ ಇರಲಿಲ್ಲ. ಆದರೆ ಹೋದ ತಿಂಗಳಿಂದ ಯಾರಾದರೂ ಕೊಡೆ ಬೀಸಿದರೆ ಸಾಕು, ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿಕೊಳ್ಳುತ್ತದೆ.

ಕಾರಣ ನನ್ನ ಬಾಲ್ಯಸ್ನೇಹಿತ ಸಿದ್ದರಾಜು. ಅವನು ಬೇಸ್‌ಬಾಲ್ ಪಿಚರ್. ದಯವಿಟ್ಟು ಪುಟ ಮಗುಚಬೇಡಿ. ಈ ಮಾತು ಹೇಳಿದೊಡನೆ ಜನ ಆಕಳಿಸುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಪಿಚರ್ ಎಂದರೆ ಚೆಂಡೆಸೆಯುವವನು. ಓಡಿ ಬರುವಂತಿಲ್ಲ, ನೆಲಕ್ಕೆ ಪುಟಿಸುವ ಗೋಜಿಲ್ಲ; ನಿಂತಲ್ಲಿಂದ ಗಾಳಿಯಲ್ಲೇ ಎಸೆಯಬೇಕು. ನೆಲದ ಮೇಲಿನ ಮೊಳದಗಲದ ಹಲಗೆಯ ಮೇಲೆ, ಬ್ಯಾಟು ಹಿಡಿದವನ ಮೊಣಕಾಲಿಗೂ ಎದೆಗೂ ನಡುವೆ ಚೆಂಡು ಹಾದರೆ ಅದು ಸ್ಟ್ರೈಕ್. ನಾಲ್ಕು ಬೆರಳು ಆಚೆ ಹೋದರೆ ಎಸೆತ ದಂಡ. ಈ ಒಂದು ವಿದ್ಯೆಗಾಗಿಯೇ ಮೇಟಗಳ್ಳಿಯ ಕಾರ್ಖಾನೆಯೊಂದು ಅವನನ್ನು ಕರೆದು, ಸಂಬಳ ಕೊಟ್ಟು, ತನ್ನ ತಂಡದಲ್ಲಿ ಇಟ್ಟುಕೊಂಡಿತ್ತು.

ವಿದ್ಯೆ ಬಂದದ್ದು ಮಂಡಿ ಮೊಹಲ್ಲಾದಲ್ಲಿ. ಹಳ್ಳಿಯಿಂದ ಓದಲು ಬಂದ ಸಿದ್ದರಾಜು, ಅಲ್ಲಿ ತೆಂಗಿನಕಾಯಿ ಮಂಡಿ ಇಟ್ಟಿದ್ದ ಸೋದರಮಾವನ ಮನೆಯಲ್ಲಿದ್ದ. ಲಾರಿ ಬಂದಾಗ ಮೇಲೆ ನಿಂತು ಕಾಯಿಗಳನ್ನು ಎರಡೆರಡಾಗಿ ಎಸೆಯುವುದು ಇವನ ಕೆಲಸ. ಕೆಳಗಿದ್ದ ಮಾವ ಕೈ ಚಾಚಿದರೆ ಸಾಕು, ಕಾಯಿ ತಾನಾಗಿ ಬಂದು ಕೂರುತ್ತಿತ್ತು. ಅದೇ ತೋಳಿನಿಂದ ಅವನು ಶಾಲೆಯ ಕ್ರಿಕೆಟ್ ತಂಡಕ್ಕೆ ಬೌಲ್ ಮಾಡಲು ಬಂದ. ಅರಮನೆಯ ಕಚೇರಿಯಲ್ಲಿ ಕಡತ ಬರೆಯುತ್ತಿದ್ದ ತಾತನ ಮೊಮ್ಮಗನಾದ ನಾನು ಬ್ಯಾಟಿಗೂ ಆಗದೆ ಬಾಲಿಗೂ ಆಗದೆ, ನಿಯಮದ ಪುಸ್ತಕ ಬಾಯಿಪಾಠವಿದ್ದ ಏಕೈಕ ಯೋಗ್ಯತೆಯಿಂದ ಅಂಪೈರ್ ಆಗಿದ್ದೆ. ಮೊಣಕೈ ಮಡಿಸಿ ಎಸೆಯುವುದು ಕ್ರಿಕೆಟ್ಟಿನಲ್ಲಿ ಅಪರಾಧ. ಸಿದ್ದರಾಜುವಿನ ಆರೂ ಚೆಂಡುಗಳಿಗೆ ನಾನು ಬಲಗೈ ಚಾಚಿ ನೋಬಾಲ್ ಕೊಟ್ಟೆ. ನಿಯಮದ ಪ್ರಕಾರ ನಾನು ಸರಿ. ಹುಡುಗರೆಲ್ಲ ನಗುತ್ತಿದ್ದಾಗ ನಾನೂ ನಕ್ಕೆನಲ್ಲ, ಅದಕ್ಕೆ ಯಾವ ಪುಸ್ತಕದಲ್ಲೂ ನಿಯಮವಿರಲಿಲ್ಲ.

ಆ ಮೈದಾನ ಬಿಟ್ಟವನು ಇನ್ನೊಂದು ಮೈದಾನ ಹುಡುಕಿಕೊಂಡ. ಇಲ್ಲಿ ದೋಷವಾದದ್ದು ಅಲ್ಲಿ ಗುಣವಾಯಿತು. ಕಾರ್ಖಾನೆಗೆ ಆಡಿದ, ರಾಜ್ಯಕ್ಕೆ ಆಡಿದ, ರೈಲಿನ ಬಾಗಿಲ ಬಳಿ ಚೀಲದ ಮೇಲೆ ಕುಳಿತು ಊರೂರು ತಿರುಗಿ ಗೆದ್ದು ಬಂದ. ಸ್ವಂತ ಊರಿನಲ್ಲಿ ಮಾತ್ರ ಆ ಆಟ ನೋಡುವವರಿಲ್ಲ. ಕ್ರಿಕೆಟಿಗನೊಬ್ಬನ ಕಿರುಬೆರಳು ಉಳುಕಿದರೆ ಮುಖಪುಟದಲ್ಲಿ ಪ್ರಕಟಿಸುವ ಪತ್ರಿಕೆಗಳಿಗೆ ಇವನ ತೋಳು ವರ್ಷಗಟ್ಟಲೆ ನೊಂದದ್ದು ಸುದ್ದಿಯೇ ಆಗಲಿಲ್ಲ. ಕಾರ್ಖಾನೆ ಒಂದು ದಿನ ತಂಡವನ್ನೇ ಮುಚ್ಚಿ ಅವನನ್ನು ಉಗ್ರಾಣಕ್ಕೆ ಹಾಕಿತು, ಅಲ್ಲೇ ನಿವೃತ್ತನಾದ. ಅನ್ಯಾಯವಲ್ಲವೇ? ಇದನ್ನು ಅನ್ಯಾಯವೆನ್ನದಿದ್ದರೆ ಆ ಪದವನ್ನು ನಿಘಂಟಿನಲ್ಲಿ ಇಟ್ಟುಕೊಂಡು ಏನು ಉಪ್ಪಿನಕಾಯಿ ಹಾಕಬೇಕೇ?

ಹೀಗಿರುವಾಗ ಹೋದ ತಿಂಗಳು ರಾಜೀವನಗರದ ಅವನ ಬಡಾವಣೆಯವರು ಟೆನಿಸ್ ಬಾಲ್ ಕ್ರಿಕೆಟ್ ಪಂದ್ಯಾವಳಿ ಇಟ್ಟುಕೊಂಡು, ಉದ್ಘಾಟನೆಯ ದಿನ ‘ಹಿರಿಯ ಕ್ರೀಡಾಪಟು’ವಿಗೆ ಸನ್ಮಾನ ಮಾಡುತ್ತೇವೆಂದರು. ಮೊದಲ ಚೆಂಡನ್ನೂ ಅವನೇ ಹಾಕಬೇಕಂತೆ. ಬೇಡವೆನ್ನು ಎಂದೆ. ಅವನು ಕೇಳಲಿಲ್ಲ.

“ಗೌರಿ ನಾನು ಎಸೆಯೋದನ್ನ ಒಂದ್ಸಲಾನೂ ನೋಡಿಲ್ಲ ಕಣೋ. ಯಾವಾಗ್ಲೂ ಪರ ಊರಲ್ಲೇ ಮ್ಯಾಚು. ಒಂದೇ ಒಂದ್ಸಲ ನೋಡ್ಬುಡ್ಲಿ” ಎಂದ. ಮಡದಿ ತನ್ನನ್ನು ಏನೆಂದು ತಿಳಿದಿದ್ದಾಳೋ ಎಂಬ ಅಳುಕು ಆ ಮಾತಿನಲ್ಲಿತ್ತು. ಉದ್ಘಾಟನೆಯ ದಿನ ಅವನ ಜೊತೆ ನಾನೂ ಹೊರಟೆ.

ಪೇಟ ತೊಡಿಸಿದರು, ಶಾಲು ಹೊದಿಸಿದರು. ಮೈಕು ಹಿಡಿದವನು “ನಮ್ಮ ಬಡಾವಣೆಯ ಹೆಮ್ಮೆಯ ಕ್ರಿಕೆಟ್ ಕಲಿ” ಎಂದಾಗಲೇ ನನ್ನ ರಕ್ತ ಕುದಿಯಿತು. ಮುಖ್ಯ ಅತಿಥಿಗಳು ಬ್ಯಾಟು ಹಿಡಿದು, ಫೋಟೋದವನ ಕಡೆ ಮುಖಮಾಡಿ ನಿಂತರು. ಮೊದಲ ಸಾಲಿನ ಕುರ್ಚಿಯಲ್ಲಿ ಗೌರಮ್ಮ. ಸಿದ್ದರಾಜು ಶಾಲು ತೆಗೆದಿಟ್ಟು, ಪಕ್ಕಕ್ಕೆ ತಿರುಗಿ ನಿಂತು, ಎಡಮೊಣಕಾಲನ್ನು ಎದೆಯವರೆಗೆ ಎತ್ತಿ ಎಸೆದ. ಅತಿಥಿಗಳ ಬ್ಯಾಟು ಏಳುವಷ್ಟರಲ್ಲಿ ಚೆಂಡು ಹಿಂದಿನ ಬಲೆಗೆ ಬಡಿದಿತ್ತು. ಅಂಪೈರ್ ಬಲಗೈ ಚಾಚಿದ. ನೋಬಾಲ್!

ಮೈದಾನ ಘೊಳ್ಳೆಂದು ನಕ್ಕಿತು. “ಅಯ್ಯೋ, ಅಜ್ಜ ಕಲ್ ಹೊಡ್ದಂಗ್ ಹೊಡೀತಾರೆ!” ಎಂದು ಯಾರೋ ಕೂಗಿದರು. ಗೌರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಲೆ ತಗ್ಗಿಸಿದರು. ನಾನು ಕುರ್ಚಿಯಿಂದ ಎದ್ದವನು ನೇರವಾಗಿ ಅಂಪೈರನ ಎದೆಗೇ ಹೋಗಿ ನಿಂತೆ. “ಇವರು ಯಾರು ಗೊತ್ತೇನ್ರೀ ನಿಮಗೆ? ಸನ್ಮಾನಕ್ಕೆ ಕರೆದು ಅವಮಾನ ಮಾಡ್ತೀರಾ?”

“ಸಾರ್, ರೂಲ್ಸ್ ಪ್ರಕಾರ ಕೊಟ್ಟೆ. ನೀವ್ಯಾಕ್ ಸಾರ್ ಅಷ್ಟೊಂದ್ ಬೇಜಾರ್ ಮಾಡ್ಕೋತೀರಾ?” ಎಂದ ಆತ, ಸಾಕಷ್ಟು ಸೌಜನ್ಯದಿಂದಲೇ.

ನನ್ನ ಸಿಟ್ಟಿಗೆ ಕಾಲೇ ಇಲ್ಲದಂತಾಯಿತು. ಅವನ ಕೆನ್ನೆಗೆ ಹೊಡೆಯಬೇಕೆಂದು ಎತ್ತಿದ್ದ ಕೈ ನನ್ನ ಕೆನ್ನೆಯನ್ನೇ ಹುಡುಕುವಂತಿತ್ತು. ಅಷ್ಟರಲ್ಲಿ ಸಿದ್ದರಾಜು ಬಂದು ಮೂರೂ ಸ್ಟಂಪುಗಳನ್ನು ಕಿತ್ತು ಬದಿಗಿಟ್ಟ. ಸನ್ಮಾನದ ಶಾಲನ್ನು ಮೊಳದಗಲಕ್ಕೆ ಮಡಿಸಿ ಅಲ್ಲಿ ಹಾಸಿದ. “ಅತಿಥಿಗಳು ಅಂಗೇ ನಿಂತಿರ್ಲಿ. ನೀನು ಇದರ ಹಿಂದೆ ಕುಕ್ಕರಗಾಲಲ್ಲಿ ಕೂತ್ಕೊ. ಇದು ನನ್ನಾಟ” ಎಂದ. ಕೀಪರನ ಗ್ಲೌಸು ಇಸಿದುಕೊಂಡು ನಾನು ಕೂತೆ. ಮಂಡಿಗಳು ಲಟಲಟ ಎಂದವು.

ಚೆಂಡು ಬಂದದ್ದು ಕಾಣಲಿಲ್ಲ; ಅಂಗೈ ಚುರ್ರೆಂದಾಗ ಬಂದಿದೆಯೆಂದು ತಿಳಿಯಿತು. ನಗುತ್ತಿದ್ದವರ ಬಾಯಿ ಹಾಗೇ ನಿಂತಿತು. ಅಷ್ಟೂ ವರ್ಷಗಳ ಪ್ರಾಯಶ್ಚಿತ್ತವನ್ನು ಒಂದೇ ಕೂಗಿನಲ್ಲಿ ಮುಗಿಸಿಬಿಡುವ ಆತುರದಲ್ಲಿ ನಾನು ಬಲಗೈ ಎತ್ತಿ, ಗಂಟಲು ಹರಿಯುವಂತೆ “ಸ್ಟ್ರೈಕ್!” ಎಂದೆ.

ಸಿದ್ದರಾಜು ತಲೆಯಾಡಿಸಿದ. “ಅಲ್ಲ ಕಣೋ. ನಾಕು ಬೆರಳು ಆಚೆ ಹೋಯ್ತು. ಸುಳ್ಳು ಹೇಳ್ಬೇಡ, ಗೌರಿ ನೋಡ್ತಾವ್ಳೆ. ಚೆಂಡು ಇತ್ಲಾಗ್ ಹಾಕು.”

ನಾನು ಚೆಂಡು ಹಿಂದಕ್ಕೆ ಕೊಟ್ಟು, ಬಾಯಿ ಮುಚ್ಚಿಕೊಂಡು, ಈ ಸಲವಾದರೂ ಕಣ್ಣು ಬಿಟ್ಟು ನೋಡಬೇಕೆಂದುಕೊಂಡು ಮತ್ತೆ ಕುಳಿತೆ. ಅವನು ಮೊಣಕಾಲು ಎತ್ತಿದ. ಗೌರಮ್ಮ ಕುರ್ಚಿಯಿಂದ ಎದ್ದು, ಸರಿಯಾಗಿ ಕಾಣಲೆಂದು ಸುಣ್ಣದ ಗೆರೆಯವರೆಗೂ ಬಂದು ನಿಂತರು.