ಹಂಡೆಯೊಳಗಿನ ರೇಡಿಯೋ, ಪಣಕ್ಕಿಟ್ಟ ಮೀಸೆ

ಮರಳುಗಾಡಿನಲ್ಲಿ ನಮ್ಮವರು ಅಣುಬಾಂಬು ಪರೀಕ್ಷೆ ಮಾಡಿದ ಬೇಸಿಗೆ. ಹರಪನಹಳ್ಳಿಯ ಒಂದೊಂದು ಚಹದಂಗಡಿಗೂ ಒಬ್ಬೊಬ್ಬ ವಿಜ್ಞಾನಿ ಹುಟ್ಟಿಕೊಂಡಿದ್ದ. ಆದರೆ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದವನು ನಾನೊಬ್ಬನೇ. ಊರಿಗೇ ದೊಡ್ಡ ಮೀಸೆಯೂ ನನ್ನದೇ.

ಬಾಂಬನ್ನು ಗಾಳಿಯೇ ಇಲ್ಲದಷ್ಟು ಎತ್ತರದಲ್ಲಿ ಸಿಡಿಸಿದರೆ ಮನೆ ಬೀಳುವುದಿಲ್ಲ, ಸದ್ದೂ ಕೇಳುವುದಿಲ್ಲ. ಆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ವಿದ್ಯುತ್ತಿನ ಅಲೆ ಬಡಿದು ರೇಡಿಯೋ, ಟೆಲಿಫೋನು ಎಲ್ಲ ಕೆಟ್ಟು ಕೂರುತ್ತವೆ ಎಂದು ಒಂದು ಸಂಜೆ ಚಹದಂಗಡಿಯಲ್ಲಿ ಕೂತವರನ್ನು ಹೆದರಿಸಿದೆ.

ಮೆಕ್ಕೆಜೋಳದ ವ್ಯಾಪಾರಿಯಾದ ಗೆಳೆಯ ತನ್ನ ರೇಡಿಯೋ ತಬ್ಬಿಕೊಂಡ. "ಲೇ ಮಾಸ್ತರ, ಇದನ್ನ ಉಳಿಸೋದು ಹ್ಯಾಂಗಲೇ?"

"ತಾಮ್ರದ ಹಂಡೇದಾಗ ಇಟ್ಟು ಮುಚ್ಚು. ಯಾವ ಅಲೀನೂ ಒಳಗ ಬರಂಗಿಲ್ಲ. ಹಾಡು ತರೋ ಅಲೀನೂ ಬರಂಗಿಲ್ಲ, ಹಾಡೂ ನಿಲ್ತೈತಿ."

"ನಿಲ್ಲದಿದ್ರ?"

"ನನ್ನ ಮೀಸಿ ಬೋಳಿಸ್ಕೋತೀನಿ. ನಿಂತ್ರ ನಿಂದು."

ಮರುದಿನ ಬೆಳಿಗ್ಗೆ ಅವನ ಅಂಗಳಕ್ಕೆ ಹೋದರೆ ಅರ್ಧ ಓಣಿ ನೆರೆದಿತ್ತು. ಸ್ನಾನದ ಹಂಡೆಗೆ ಮುಚ್ಚಳ ಬಿದ್ದಿತ್ತು. ಒಳಗಿನಿಂದ ಸಿನಿಮಾ ಹಾಡು ಗುಂಯ್‌ಗುಡುತ್ತಿತ್ತು! ನಾನು ಮೀಸೆ ಮುಟ್ಟಿ ನೋಡಿಕೊಂಡೆ.

"ಬರ್ರಿ ಸಾರ್, ಕುಂದರ್ರಿ," ಎಂದು ಕ್ಷೌರದಂಗಡಿಯವನು ಕತ್ತಿ ಮಸೆದ.

ಹಂಡೆ ಸುತ್ತಿದೆ, ಬಗ್ಗಿದೆ, ಕಿವಿಯಿಟ್ಟೆ. ಆಗ ಕಂಡಿತು: ಮುಚ್ಚಳದಡಿಯಿಂದ ಪ್ಲಾಸ್ಟಿಕ್ ಹೊದಿಕೆಯ ವೈರೊಂದು ಹೊರಬಂದು ಬೇವಿನ ಮರ ಹತ್ತಿತ್ತು. ದೂರದ ಸ್ಟೇಷನ್ ಹಿಡಿಯಲು ನಮ್ಮ ಕಡೆ ರೇಡಿಯೋಗೆ ವೈರು ಸುತ್ತಿ, ಇನ್ನೊಂದು ತುದಿಯನ್ನು ಬೇವಿಗೆ ಎಸೆಯುವುದು ರೂಢಿ. ಪುಣ್ಯಾತ್ಮ ಅದನ್ನು ಬಿಚ್ಚದೆಯೇ ಹಂಡೆಗಿಳಿಸಿದ್ದ.

"ಸಿಕ್ತಲೇ! ಅಲಿ ಒಳಗ ಬರೋ ದಾರಿ ಇದಾ!" ಎಂದು ಕುಣಿಯುತ್ತಾ ವೈರು ಕಿತ್ತು, ಮತ್ತೆ ಗಟ್ಟಿಯಾಗಿ ಮುಚ್ಚಿದೆ. ಹಂಡೆ ಮೂಕವಾಯಿತು. ಓಣಿ ಕೇಕೆ ಹಾಕಿತು. ಕತ್ತಿ ಗೆಳೆಯನತ್ತ ತಿರುಗಿತು.

ಅವನು ಎರಡೂ ಕೈಯಿಂದ ಮೀಸೆ ಮುಚ್ಚಿಕೊಂಡ. "ತಡೀಲೇ! ಆ ಅಲಿ ಎಷ್ಟು ದೊಡ್ಡದಂತ ಅಳೆಯೋ ಯಂತ್ರನೂ ಹಿಂಗ ಮುಚ್ಚಿಟ್ರ ಅದಕ್ಕೇನು ತಿಳಿತೈತಿ? ವೈರು ಹೊರಗ ಬಿಟ್ರ ಸುಟ್ಟು ಹೋಗ್ತೈತಿ. ಮತ್ತ ಹ್ಯಾಂಗ ಅಳೀತಾರಲೇ ನಿಮ್ಮೋರು?"

ನಾನು ಅವನ ಬೆನ್ನು ತಟ್ಟಿದೆ. ದೊಡ್ಡ ದೊಡ್ಡ ವಿಜ್ಞಾನಿಗಳು ತಲೆ ಕೆರೆದುಕೊಂಡದ್ದು ಇದಕ್ಕೇ! ಅಳತೆ ತಪ್ಪಾಯಿತೆಂದು ಇನ್ನೊಂದು ಬಾಂಬು ಸಿಡಿಸಿ ನೋಡೋಣವೆಂದರೆ ಆಕಾಶದಲ್ಲಿ ಸಿಡಿಸುವುದನ್ನು ದೇಶಗಳು ಎಂದೋ ನಿಲ್ಲಿಸಿವೆ. ಹಿಂದೆ ಸಿಡಿಸಿದಾಗ ಸಿಕ್ಕ ಅರೆಬರೆ ಅಳತೆಗಳಲ್ಲೇ ಉತ್ತರ ಹುಡುಕಬೇಕು. ನನ್ನ ವಿದ್ಯಾರ್ಥಿಗಳು ಒಬ್ಬರೂ ಕೇಳದ ಪ್ರಶ್ನೆಯನ್ನು ನನ್ನ ಒಂದೇ ಪಾಠಕ್ಕೆ ಮೆಕ್ಕೆಜೋಳದ ವ್ಯಾಪಾರಿ ಕೇಳಿದ್ದ. ಪಾಠ ಹೇಳಿದವನು ಯಾರು ಮತ್ತೆ!

"ಈ ಪ್ರಶ್ನೆಗೆ ಅರ್ಧ ಮೀಸಿ ಮಾಫಿ," ಎಂದೆ.

ಕ್ಷೌರದಂಗಡಿಯವನು ಸೋಪು ಕಲಸುತ್ತಾ ಕೇಳಿದ: "ಎಡಗಡೀದೋ ಬಲಗಡೀದೋ, ಸಾರ್?"