ಹೆರೆಮಣೆಯಿಂದ ಏಳುವುದು

ನಮ್ಮ ಅಡುಗೆಕೋಣೆಯ ಟೈಲ್ಸಿನಲ್ಲಿ ಸಾಸಿವೆಯಂಥ ಕಂದು ಚುಕ್ಕೆಗಳುಂಟು ಎಂದು ನನಗೆ ಗೊತ್ತಾದದ್ದು, ಹೆರೆಮಣೆಯ ಮೇಲೆ ಕೂತು ತೆಂಗಿನಕಾಯಿ ಹೆರೆದ ಮೇಲೆ ಏಳಲಾಗದೆ ಹೋದ ಬೆಳಿಗ್ಗೆ. ಇಲಿಜ್ವರ ಬಂದು ಬಹಳ ದಿನ ಮಲಗಿ ಎದ್ದಿದ್ದೆ. ಜ್ವರ ಹೋಗುವಾಗ ತೊಡೆಯ ಬಲವನ್ನೂ ಕಟ್ಟಿಕೊಂಡು ಹೋಗಿತ್ತು. ನಡೆಯಲು ತೊಂದರೆ ಇರಲಿಲ್ಲ, ಹಾಗಾಗಿ ನನಗೆ ತಿಳಿದಿರಲಿಲ್ಲ.

ಆಗಲೇ ಗೇಟಿನ ಹೊರಗೆ ಮೀನಿನ ಹೆಂಗಸಿನ ಸ್ವರ ಕೇಳಿತು. "ಅಕ್ಕಾ, ಬಂಗುಡೆ ಉಂಟು, ಒಳ್ಳೆಯದುಂಟು!"

ಒಳಗೆ ಬಾ, ಒಂದು ಕೈ ಕೊಡು ಎಂದರೆ ಮುಗಿಯುತ್ತಿತ್ತು. ನಾನು ನೆಲದಿಂದಲೇ ಸ್ವರ ಏರಿಸಿ, "ಇವತ್ತು ಬೇಡ" ಎಂದೆ. ಆಮೇಲೆ ಕೂತಲ್ಲೇ ತೆವಳಿ, ಗ್ರೈಂಡರಿನ ಸ್ಟ್ಯಾಂಡ್ ಹಿಡಿದು ಹೇಗೋ ಎದ್ದೆ.

ಸಂಜೆ ಮಸ್ಕತ್ತಿನಿಂದ ಗಂಡನ ಫೋನು ಬಂದಾಗ ನಗೆಯ ಮಾತಾಗಿ ಹೇಳಿದೆ. ಅವರು ನಗಲಿಲ್ಲ.

"ಮನೆಗೆ ಬೀಗ ಹಾಕು. ಕಾಪುವಿನಲ್ಲಿ ಅಕ್ಕನ ಜೊತೆ ಇರು. ನೀನು ಬಿದ್ದರೆ ನನಗೆ ಹೇಳುವವರು ಯಾರು?"

ಅವರ ಅಕ್ಕ, ನನ್ನ ಅತ್ತಿಗೆ, ಒಳ್ಳೆಯವರೇ. ಆದರೆ ಅಲ್ಲಿ ನಾನು ಅತಿಥಿ. ಯಾವ ಪಾತ್ರೆ ಎಲ್ಲಿಡಬೇಕೆಂದು ಕೇಳಿ ಇಡಬೇಕು, ಕಿಟಕಿಯನ್ನೂ ಕೇಳಿಯೇ ತೆರೆಯಬೇಕು. ಪರ್ಕಳದ ಈ ಮನೆಯಲ್ಲಿ ಮಾತಾಡಲು ಜನವಿಲ್ಲ, ನಿಜ. ಆದರೆ ಇಲ್ಲಿಯ ಮೌನ ನನ್ನದು.

"ಸ್ವಲ್ಪ ಸಮಯ ಕೊಡಿ. ಹೆರೆಮಣೆಯಿಂದ ನಾನೇ ಎದ್ದು ತೋರಿಸುತ್ತೇನೆ. ಆಗದಿದ್ದರೆ ಕಾಪುವಿಗೆ ಹೋಗುತ್ತೇನೆ" ಎಂದೆ.

ಮಣಿಪಾಲದ ಒಂದು ಫಿಸಿಯೋಥೆರಪಿ ಕೇಂದ್ರದಲ್ಲಿ ನನ್ನನ್ನು ಅದುರುವ ಹಲಗೆಯ ಮೇಲೆ ನಿಲ್ಲಿಸಿದರು. ತೂಕದ ಯಂತ್ರಕ್ಕೆ ಹ್ಯಾಂಡಲ್ ಇಟ್ಟ ಹಾಗೆ ಉಂಟು. ಸ್ವಿಚ್ ಒತ್ತಿದರೆ ಮಿಕ್ಸಿಯ ಮೇಲೆ ನಿಂತ ಹಾಗೆ. ಚಿಕಿತ್ಸೆ ಕೊಡುತ್ತಿದ್ದವಳು ಧಾರವಾಡದ ಕಡೆಯ ಹುಡುಗಿ. ಹಲಗೆ ಅದುರಿದಾಗ ಸ್ನಾಯುಗಳು ತಾವಾಗಿಯೇ ಮತ್ತೆ ಮತ್ತೆ ಬಿಗಿಯುತ್ತವೆ, ಅದರಿಂದ ಬಲ ಬರುತ್ತದೆ ಎಂದು ವಿವರಿಸಿದಳು.

ಪ್ರತಿ ಸಲ ಇಳಿದ ಮೇಲೆ ತೊಡೆಯೆಲ್ಲ ತುರಿಸುತ್ತಿತ್ತು. ರಕ್ತ ಓಡುವುದರಿಂದ ಹಾಗಾಗುತ್ತದಂತೆ. ಜನರ ಎದುರು ತುರಿಸಿಕೊಳ್ಳುವುದೆಂತು? ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಮರ್ಯಾದೆ ಈ ವಯಸ್ಸಿನಲ್ಲೂ ಕೈ ತಡೆಯುತ್ತದೆ. ಬ್ಯಾಗನ್ನು ಮಡಿಲಲ್ಲಿ ಒತ್ತಿಕೊಂಡು ಬಸ್ಸಿನಲ್ಲಿ ಕೂತು ಬರುತ್ತಿದ್ದೆ. ಮನೆ ಮುಟ್ಟುವಾಗ ತಲೆ ಸಿಡಿಯುತ್ತಿತ್ತು, ಹಲ್ಲಿನ ಬುಡ ನೋಯುತ್ತಿತ್ತು. ಇದೂ ಚಿಕಿತ್ಸೆಯ ಭಾಗವೇ ಇರಬೇಕೆಂದು ಮಾತ್ರೆ ನುಂಗಿ ಮಲಗುತ್ತಿದ್ದೆ. ಅವಳು "ಹೆಂಗದ ಆಂಟಿ?" ಎಂದು ಕೇಳಿದಾಗಲೆಲ್ಲ "ಪರವಾಗಿಲ್ಲ" ಎನ್ನುತ್ತಿದ್ದೆ. ತೊಡೆಗಳು ಮಾತ್ರ ಮೊದಲಿನ ಹಾಗೆಯೇ ಇದ್ದವು. ಕಾಪುವಿನ ಕೋಣೆಯಲ್ಲಿ ನನಗೆ ಮಂಚ ಹಾಕಿಸಿದ್ದೇನೆಂದು ಅತ್ತಿಗೆ ಫೋನು ಮಾಡಿದರು.

ಒಂದು ದಿನ ಆ ಹುಡುಗಿ ನನ್ನ ಎದುರಿಗೇ ನಿಂತು ನೋಡಿದಳು. ನನ್ನ ಕನ್ನಡಕ ಮೂಗಿನಿಂದ ಜಾರುತ್ತಿತ್ತು, ಗಲ್ಲ ಗಡಗಡ ನಡುಗುತ್ತಿತ್ತು.

"ಅಯ್ಯ ಆಂಟಿ! ಸಾಲ್ಯಾಗ ಪ್ರೇಯರ್‌ಗೆ ನಿಂತಂಗ ನಿಂತೀರಲ್ರೀ! ಮೊಣಕಾಲು ಸಡಿಲ ಬಿಡ್ರಿ ಅಂತ ಮೊದಲನೇ ದಿನಾನ ಹೇಳಿಲ್ಲೇನು?"

ಹೇಳಿದ್ದಳು. ಸಡಿಲ ಬಿಟ್ಟೇ ನಿಂತಿದ್ದೇನೆಂದು ನಾನು ತಿಳಿದಿದ್ದೆ. ಯಾರಾದರೂ ಎದುರು ನಿಂತು "ರೆಡಿ" ಎಂದರೆ ಸಾಕು, ಬೆನ್ನು ನೆಟ್ಟಗಾಗಿ, ಹಿಮ್ಮಡಿ ಕೂಡಿ, ಮೊಣಕಾಲು ಬೀಗ ಹಾಕಿದ ಹಾಗೆ ಬಿಗಿಯುತ್ತಿತ್ತು. ಅಸೆಂಬ್ಲಿಯಲ್ಲಿ ಬಾಗಿದ ಮೊಣಕಾಲಿಗೆ ಸಿಸ್ಟರ್ ಸ್ಕೇಲಿನಿಂದ ಮೆಲ್ಲನೆ ತಟ್ಟುತ್ತಿದ್ದರು. ಕಾಲು ಮರೆತಿರಲಿಲ್ಲ. ಹಲಗೆಯ ಅದುರಾಟ ತೊಡೆಯಲ್ಲಿ ನಿಲ್ಲದೆ ಎಲುಬು ಹತ್ತಿ ನೇರ ತಲೆಗೆ ಹೋಗುತ್ತಿತ್ತು.

"ತಲಿ ನೋಯ್ತಿತ್ತೇನ್ರಿ?"

"ಸ್ವಲ್ಪ."

"ಮತ್ತ ಹೇಳಬಾರದಾ? ಪರವಾಗಿಲ್ಲ, ಪರವಾಗಿಲ್ಲ ಅಂತೀರಿ! ಬಸ್ಸಿನಾಗ ನಿಂತು ಹೋಗೀರಿಲ್ಲೋ? ಹಂಗ ನಿಲ್ರಿ."

ಕಣ್ಣು ಮುಚ್ಚಿದೆ. ಮದುವೆಗೆ ಮುಂಚೆ ಉಡುಪಿಯಿಂದ ಕಾರ್ಕಳಕ್ಕೆ ಹೋಗುವಾಗ ಹಿರಿಯಡ್ಕದ ತನಕವೂ ಸೀಟು ಸಿಗುತ್ತಿರಲಿಲ್ಲ. ತಿರುವಿನಲ್ಲಿ ಮೊಣಕಾಲು ತಾನಾಗಿ ಬಾಗುತ್ತಿತ್ತು. ಹಾಗೆ ನಿಂತೆ. ತಲೆ ಹಗುರಾಯಿತು, ತೊಡೆ ಉರಿಯತೊಡಗಿತು.

"ಈಗ ಕುರ್ಚಿ ಮ್ಯಾಲ ಕೂಡವರಂಗ ಬಗ್ಗಿ ಏಳ್ರಿ. ಮಷಿನ್ ಬರೇ ಅಲುಗಾಡಸ್ತದ. ಏಳೋ ಕೆಲಸ ನಿಮ್ಮದ."

ಮಳೆಗಾಲ ಮುಗಿದು ಬಿಸಿಲು ಚುರುಗುಟ್ಟುವಷ್ಟರಲ್ಲಿ ತೊಡೆ ಮುಟ್ಟಿದರೆ ಗಟ್ಟಿ ಅನಿಸುತ್ತಿತ್ತು. ಒಂದು ಬೆಳಿಗ್ಗೆ ಹೆರೆಮಣೆ ತೆಗೆದಿಟ್ಟೆ. ಗ್ರೈಂಡರಿನಿಂದ ದೂರ, ಕೈಗೆ ಏನೂ ಸಿಗದ ಕಡೆ. ಒಬ್ಬಳಿಗೆ ಅರ್ಧ ಕಡಿ ಕಾಯಿಯೂ ಹೆಚ್ಚು, ಆದರೂ ಇಡೀ ಹೋಳು ಹೆರೆದೆ. ಬಟ್ಟಲನ್ನು ಒಂದು ಕೈಯಲ್ಲಿ ಹಿಡಿದು ಮುಂದಕ್ಕೆ ಬಾಗಿದೆ. ತೊಡೆ ನಡುಗಿತು, ಮತ್ತೆ ಬಿಗಿಯಿತು. ಎದ್ದೆ. ಒಂದೆಳೆ ಕಾಯಿತುರಿಯೂ ಚೆಲ್ಲಲಿಲ್ಲ.

ಕೂಡಲೇ ಮಸ್ಕತ್ತಿಗೆ ಫೋನು ಮಾಡಿದೆ.

"ಎದ್ದೆಯಾ? ಏನೂ ಹಿಡಿಯದೆಯಾ?"

"ಹೌದು ಮಾರಾಯರೆ."

"ಹಾಗಾದರೆ ಅಕ್ಕನಿಗೆ ಬೇಡವೆಂದು ಹೇಳುತ್ತೇನೆ. ಸೈಟಿನಲ್ಲಿದ್ದೇನೆ, ಆಮೇಲೆ ಮಾಡುತ್ತೇನೆ" ಎಂದರು.

ಫೋನು ಇಟ್ಟೆ. ಫ್ರಿಜ್ಜು ಒಮ್ಮೆ ಗುಂಯ್ ಎಂದು ನಿಂತಿತು. ನಾನು ಬಯಸಿದ್ದ ಮನೆ, ನಾನು ಬಯಸಿದ್ದ ಮೌನ. ಬಟ್ಟಲಿನ ತುಂಬ ಬಿಳಿ ಕಾಯಿ, ಉಣ್ಣುವವಳು ಒಬ್ಬಳೇ.

ಹೊರಗೆ "ಅಕ್ಕಾ, ಬಂಗುಡೆ!" ಎಂಬ ಸ್ವರ ಕೇಳಿತು. ಗೇಟಿನ ತನಕ ಬೇಗ ಬೇಗ ನಡೆದೆ.

"ಒಳಗೆ ಬಾ," ಎಂದೆ. "ಚಾ ಮಾಡುತ್ತೇನೆ. ಸ್ವಲ್ಪ ಕೂತು ಹೋಗು."