ಸಾಹೇಬರು ಮೆಚ್ಚಿದ ಚಹಾ

ಗೆಳೆಯರೇ, ತಲೆ ಕೆಟ್ಟು ಹೋಗಿದೆ. ರೋಣದ ಹತ್ತಿರದ ನಮ್ಮೂರಿಗೆ ಇಂದು ಹೊಸ ಶಾಲೆಯ ಜಾಗ ನೋಡಲು ಸಾಹೇಬರೊಬ್ಬರು ಬಂದಿದ್ದರು. ಅಲ್ಲಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ, ಮಕ್ಕಳ ಹಲ್ಲು ಹಾಳಾಗುತ್ತವೆ ಎಂದು ನಾನು ಗಂಟಲು ಹರಿದುಕೊಂಡೆ. ಅಷ್ಟರಲ್ಲಿ ಪಕ್ಕದ ಮನೆಯ ಮಾಬೂಬಿ ಅಕ್ಕ ಚಹಾ ತಂದರು.

ಸಾಹೇಬರು ಚಹಾ ಹೀರಿದರು. "ಭಾಳ ಚಲೋ ಆಗೇತ್ರಿ. ಇಂಥಾ ನೀರಿಗೆ ಹೆಸರಿಡ್ತೀರಲ್ಲ!" ಎಂದವರೇ ವರದಿಯಲ್ಲಿ 'ನೀರು ಕುಡಿಯಲು ಯೋಗ್ಯ' ಎಂದು ಬರೆದು ಜೀಪು ಹತ್ತಿದರು.

ನಾನು ಕೇಳಿದೆ, "ಅಕ್ಕಾ, ಆ ಬೋರಿನ ನೀರಿಲೇನ ಚಹಾ ಮಾಡಿದೇನು?"

"ಅಯ್ಯ, ಮನಿ ಮುಂದ ಬಂದವರಿಗೆ ಆ ನೀರ ಕುಡಸ್ತಾರೇನೋ ತಮ್ಮಾ? ಫಿಲ್ಟರ್ ನೀರಿಲೆ ಮಾಡೀನಿ."

ಮುಂದಿನ ಸಲ ಸಾಹೇಬರಿಗೆ ಚಹಾ ನಾನೇ ಮಾಡುತ್ತೇನೆ.